ಪಾಲುಗಾರಿಕೆ ಮತ್ತು ದಾಕ್ಷಿಣ್ಯ

‘ವ್ಯಾಪಾರವೇ ಬೇರೆ, ಸ್ನೇಹವೇ ಬೇರೆ’ ಎಂಬ ಮಾತನ್ನು ನವೋದ್ಯಮಗಳ ತರುಣರು ಇಂದು ಪ್ರಮಾಣವಾಕ್ಯದಂತೆ ಉಚ್ಚರಿಸುತ್ತಾರೆ. ಗೆಳೆಯನ ಪಾಲನ್ನು ಕುಗ್ಗಿಸಿದವನು ‘ಒತ್ತಡ ಹಾಗಿತ್ತು’ ಎನ್ನುತ್ತಾನೆ, ಕೇಳಿದವರು ತಲೆದೂಗುತ್ತಾರೆ. ಒತ್ತಡವು ಹೊರಗಿನ ನಿಮಿತ್ತ ಮಾತ್ರ. ನಿಮಿತ್ತದ ಮೇಲೆ ಹೊಣೆಯನ್ನು ಹೊರಿಸಿ ತಾನು ನಿರ್ದೋಷಿಯೆಂದು ಸಾಧಿಸುವುದು ಆತ್ಮವಂಚನೆಯಲ್ಲದೆ ಮತ್ತೇನು?

ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭಕಾಲದ ವೃತ್ತಾಂತವನ್ನು ನೋಡಬಹುದು. ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯಲ್ಲಿ ಗೆಳೆಯರಾದ ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ 1975ರಲ್ಲಿ ಆಲ್ಬುಕರ್ಕ್ ನಗರದಲ್ಲಿ ಆ ಸಂಸ್ಥೆಯನ್ನು ಕಟ್ಟಿದರು. ಸಮಪಾಲು ದೊರೆಯುವುದೆಂದು ಅಲೆನ್ ಭಾವಿಸಿದ್ದರು. ಬೇಸಿಕ್ ತಂತ್ರಾಂಶದ ರಚನೆಯಲ್ಲಿ ತನ್ನ ದುಡಿಮೆ ಹೆಚ್ಚೆಂದು ಗೇಟ್ಸ್ 60–40 ಎಂದರು, ಅಲೆನ್ ಒಪ್ಪಿದರು. ಬಳಿಕ ಅದು 64–36 ಆಯಿತು, ಅದನ್ನೂ ಒಪ್ಪಿದರು. (ಒಪ್ಪುವ ಸ್ವಭಾವವನ್ನು ದೌರ್ಬಲ್ಯವೆಂದು ಎಣಿಸುವವರಿಗೆ ಲೋಕದಲ್ಲಿ ಕೊರತೆಯಿಲ್ಲ.) ಆದರೂ ಅಲ್ಲಿಯವರೆಗಿನ ಮಾತುಕತೆ ಎದುರೆದುರೇ ನಡೆದಿತ್ತು.

1982ರಲ್ಲಿ ಅಲೆನ್ ಅವರಿಗೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ತಿಳಿಯಿತು. ಅದೇ ಡಿಸೆಂಬರ್‌ನಲ್ಲಿ ಗೇಟ್ಸ್ ಮತ್ತು ಸ್ಟೀವ್ ಬಾಲ್ಮರ್ ಅವರು ಅಲೆನ್‌ರ ದುಡಿಮೆ ಸಾಲದೆಂದು ಆಡಿಕೊಳ್ಳುತ್ತ, ಅವರ ಪಾಲನ್ನು ಕರಗಿಸುವ ಉಪಾಯವನ್ನು ಚರ್ಚಿಸುತ್ತಿದ್ದುದು ಕಿವಿಗೆ ಬಿದ್ದಿತೆಂದು ಅಲೆನ್ 2011ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಮ್ಮ ನೆನಪುಗಳು ಭಿನ್ನವಾಗಿರಬಹುದೆಂದು ಗೇಟ್ಸ್ ಹೇಳಿದರು. ಇಬ್ಬರೂ ಆಗಲೇ ಕ್ಷಮೆ ಕೋರಿದ್ದರೆಂಬುದನ್ನೂ ಅಲೆನ್ ಮರೆಮಾಡಿಲ್ಲ. ಆದರೂ 1983ರಲ್ಲಿ ಅವರು ಸಂಸ್ಥೆಯನ್ನು ತೊರೆದರು. ಷೇರಿಗೆ 5 ಡಾಲರಿನಂತೆ ಕೊಳ್ಳಲು ಗೇಟ್ಸ್ ಮುಂದಾದರು, ಅಲೆನ್ 10 ಕೇಳಿದರು, ವ್ಯವಹಾರ ಕುದುರಲಿಲ್ಲ. ಮುಂದೆ ಆ ಷೇರುಗಳಿಂದಲೇ ಅಲೆನ್ ಕುಬೇರರಾದರು, ಹೀಗಾಗಿ ನಷ್ಟವೇನು ಎಂದು ಕೇಳುವವರುಂಟು. ಕಾಯಿಲೆಯ ಮನುಷ್ಯನೊಬ್ಬ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಮಾತಿಗೆ ಷೇರುಪೇಟೆಯ ದರವನ್ನು ಕಟ್ಟುವವರೊಡನೆ ವಾದವೇ ವ್ಯರ್ಥ.

ಹೆಚ್ಚು ದುಡಿದವನಿಗೆ ಹೆಚ್ಚು ಪಾಲು ನ್ಯಾಯವೇ. ಹಣ ತಿಂಗಳೊಪ್ಪತ್ತಿನಲ್ಲಿ ಬರಿದಾಗುವ ಸಂಸ್ಥೆಯಲ್ಲಿ ಒಬ್ಬ ಹಗಲಿರುಳು ದುಡಿದು, ಇನ್ನೊಬ್ಬ ಹೆಸರಿಗೆ ಮಾತ್ರ ಇದ್ದರೆ ಅಸಮಾಧಾನ ಹುಟ್ಟದಿರದು. ಆದಕಾರಣವೇ ಸ್ಥಾಪಕರ ಪಾಲು ಒಮ್ಮೆಲೇ ಕೈಸೇರದೆ, ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಸಲ್ಲುವ ಪದ್ಧತಿ ಇಂದು ಬಳಕೆಯಲ್ಲಿದೆ. ಇದು ಕಠೋರವೆನಿಸಿದರೂ ಸ್ನೇಹದ್ರೋಹವಲ್ಲ. ಷರತ್ತು ಮೊದಲೇ, ಉಭಯರ ಸಮ್ಮುಖದಲ್ಲಿ ನಿಶ್ಚಯವಾಗಿರುತ್ತದೆ. ಆದರೆ ಒಬ್ಬ ಆರು ತಿಂಗಳು ಹಾಸಿಗೆ ಹಿಡಿದರೆ? ತಂದೆತಾಯಿಯರ ಶುಶ್ರೂಷೆಗೆ ಊರಿಗೆ ಮರಳಬೇಕಾದರೆ? ಇವನ್ನು ಪತ್ರದಲ್ಲಿ ಬರೆಸುವವರೆಷ್ಟು ಮಂದಿ? ಬಸದಿಯ ಕಾಣಿಕೆಯ ಪೈಸೆಪೈಸೆಗೂ ಲೆಕ್ಕ ಕೇಳುವ ಹಿರಿಯರು, ಮನೆಯ ಮಗ ಗೆಳೆಯನೊಡನೆ ಪಾಲುಗಾರಿಕೆಗೆ ಸಹಿ ಹಾಕುವಾಗ ‘ಗೆಳೆಯರಲ್ಲವೇ, ನೋಡಿಕೊಳ್ಳುತ್ತಾರೆ’ ಎಂದು ದಾಕ್ಷಿಣ್ಯದಿಂದ ಸುಮ್ಮನಿರುವುದೇಕೆ?