ಗುಳಿಗೆಗೆ ಬಗ್ಗದ ‘ಗ್ಯಾಸ್ಟ್ರಿಕ್’: ಅನ್ನವೇ ಇಳಿಯದಿದ್ದರೆ ಯಾವ ಚಿಕಿತ್ಸೆ?

ತಿಂದ ಅನ್ನ ಎದೆಯಲ್ಲೇ ನಿಂತಂಗಾಗುತ್ತೆ, ನೀರು ಕುಡಿದರೂ ಇಳಿಯಲ್ಲ, ರಾತ್ರಿ ಮಲಗಿದರೆ ತಿಂದದ್ದು ಬಾಯಿಗೆ ಬರುತ್ತೆ. ಹೀಗಾದಾಗ ನಮ್ಮಲ್ಲಿ ಬಹಳ ಜನ ಮೊದಲು ಹೋಗೋದು ಮೆಡಿಕಲ್ ಸ್ಟೋರ್‌ಗೆ. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಗುಳಿಗೆ ನುಂಗಿ ವರ್ಷಗಟ್ಟಲೆ ದೂಡುವವರಿದ್ದಾರೆ. ಹೆಚ್ಚಿನವರಿಗೆ ಅದು ಗ್ಯಾಸ್ಟ್ರಿಕ್ಕೇ ಇರಬಹುದು. ಆದರೆ ಊಟದ ಜತೆ ನೀರೂ ಇಳಿಯದೆ, ಮೈ ತೂಕ ಮಾತ್ರ ಇಳಿಯುತ್ತಿದ್ದರೆ ‘ಅಕಲೇಶಿಯಾ ಕಾರ್ಡಿಯಾ’ ಇದೆಯಾ ಎಂದು ನೋಡಿಸಲೇಬೇಕು.

ಇದು ಅಪರೂಪದ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ. ಅನ್ನನಾಳದ ತುದಿಯಲ್ಲಿ ಬಾಗಿಲಿನಂಥ ಸ್ನಾಯು ಇದೆ. ನುಂಗಿದಾಗ ಅದು ತೆರೆಯಬೇಕು. ಅಲ್ಲಿನ ನರಗಳು ಹಾಳಾದರೆ ಬಾಗಿಲು ತೆರೆಯಲ್ಲ, ಅನ್ನನಾಳಕ್ಕೆ ಊಟವನ್ನು ಕೆಳಕ್ಕೆ ತಳ್ಳುವ ಶಕ್ತಿಯೂ ಹೋಗುತ್ತದೆ. ಸತ್ತ ನರಕ್ಕೆ ಜೀವ ಕೊಡುವ ಔಷಧ ಇಲ್ಲ. ಎಲ್ಲ ಚಿಕಿತ್ಸೆಯೂ ಬಾಗಿಲು ಸಡಿಲಿಸುವ ಕೆಲಸವನ್ನಷ್ಟೇ ಮಾಡುತ್ತದೆ.

ಮುಖ್ಯ ದಾರಿಗಳು ನಾಲ್ಕು:

ಬೊಟಾಕ್ಸ್ ಇಂಜೆಕ್ಷನ್: ಸುಲಭ, ಆದರೆ ಪರಿಣಾಮ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಆಪರೇಷನ್ ತಡೆಯದ ವೃದ್ಧರಿಗೆ ಸರಿ.

ಬಲೂನ್: ಎಂಡೋಸ್ಕೋಪಿ ಮೂಲಕ 30ರಿಂದ 40 ಮಿ.ಮೀ. ಬಲೂನ್ ಉಬ್ಬಿಸಿ ಸ್ನಾಯು ಹಿಗ್ಗಿಸುವುದು. ಕೆಲವು ವರ್ಷಗಳ ಮೇಲೆ ಮತ್ತೆ ಮಾಡಿಸಬೇಕಾಗಬಹುದು. ಅನ್ನನಾಳ ತೂತಾಗುವ ಸಣ್ಣ ಅಪಾಯವಿದೆ.

ಹೆಲ್ಲರ್ ಆಪರೇಷನ್: 1913ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ ಮಾಡಿದ್ದು. ಈಗ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಸ್ನಾಯು ಕತ್ತರಿಸುತ್ತಾರೆ. ಆಮ್ಲ ಮೇಲೆ ಬಾರದಂತೆ ಜಠರದ ಮಡಿಕೆಯನ್ನೂ ಹಾಕುತ್ತಾರೆ.

ಪೊಯೆಮ್: 2008ರಲ್ಲಿ ಜಪಾನಿನ ಡಾ. ಹರುಹಿರೊ ಇನೊವೆ ಶುರು ಮಾಡಿದ್ದು. ಬಾಯಿಯಿಂದಲೇ ಎಂಡೋಸ್ಕೋಪ್ ಬಿಟ್ಟು ಸ್ನಾಯು ಕತ್ತರಿಸುತ್ತಾರೆ, ಹೊರಗೆ ಗಾಯ ಇರಲ್ಲ.

ಹಾಗಾದರೆ ಹೊಸದೇ ಒಳ್ಳೇದಾ? ಲೆಕ್ಕ ಹಾಗೆ ಹೇಳಲ್ಲ. 2011ರ ಯುರೋಪಿನ ಅಧ್ಯಯನದಲ್ಲಿ ಎರಡು ವರ್ಷದ ನಂತರ ಬಲೂನ್ ಶೇ 86 ಜನರಿಗೆ, ಆಪರೇಷನ್ ಶೇ 90 ಜನರಿಗೆ ಫಲ ಕೊಟ್ಟಿತ್ತು. 2019ರ ಇನ್ನೊಂದು ಅಧ್ಯಯನದಲ್ಲಿ ಪೊಯೆಮ್ ಶೇ 83, ಆಪರೇಷನ್ ಶೇ 82. ಆದರೆ ಎರಡು ವರ್ಷಕ್ಕೆ ಆಮ್ಲದಿಂದ ಅನ್ನನಾಳ ಕೆಂಪಾದವರು ಪೊಯೆಮ್‌ನಲ್ಲಿ ಶೇ 44, ಆಪರೇಷನ್‌ನಲ್ಲಿ ಶೇ 29. ಅಂದರೆ ನುಂಗುವ ಕಷ್ಟ ಹೋದರೂ ಕೆಲವರಿಗೆ ಆಮ್ಲದ ಗುಳಿಗೆ ಮುಂದುವರಿಯುತ್ತದೆ. ಅನ್ನನಾಳ ಬಿಗಿಯಾಗಿ ಹಿಂಡಿಕೊಳ್ಳುವ ಮೂರನೇ ಬಗೆಯ ಅಕಲೇಶಿಯಾಕ್ಕೆ ಮಾತ್ರ ಪೊಯೆಮ್ ಹೆಚ್ಚು ಸೂಕ್ತ.

ಬಗೆ ಯಾವುದು ಅಂತ ತಿಳಿಯೋದು ಮ್ಯಾನೋಮೆಟ್ರಿ ಪರೀಕ್ಷೆಯಿಂದ. ಅದು ಸಾಮಾನ್ಯವಾಗಿ ದೊಡ್ಡ ಊರಿನ ಆಸ್ಪತ್ರೆಗಳಲ್ಲೇ ಸಿಗೋದು. ಆರಂಭದಲ್ಲಿ ಎಂಡೋಸ್ಕೋಪಿ ನಾರ್ಮಲ್ ಬರಬಹುದು. ಆದರೂ ಅದನ್ನು ಬಿಡುವಂತಿಲ್ಲ: ವಯಸ್ಸಾದವರಿಗೆ ಕೆಲವೇ ತಿಂಗಳಲ್ಲಿ ಈ ಲಕ್ಷಣ ಬಂದರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕು.

ಇನ್ನು ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಬಸ್ ಹತ್ತುವ ಮೊದಲು ತಾಲೂಕು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಮಾಡಿಸಿ. ವೈದ್ಯರು ಹೇಳಿದ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯಾ ಅಂತ ದೊಡ್ಡಾಸ್ಪತ್ರೆಯಲ್ಲಿ ಮೊದಲೇ ಕೇಳಿ. ವೈದ್ಯರನ್ನೂ ಎರಡು ಪ್ರಶ್ನೆ ಕೇಳಿ: ನನ್ನದು ಯಾವ ಬಗೆ? ಈ ಚಿಕಿತ್ಸೆ ಇಲ್ಲಿ ಎಷ್ಟು ಜನಕ್ಕೆ ಮಾಡಿದ್ದೀರಿ?

ಮೆಡಿಕಲ್ ಸ್ಟೋರ್‌ನವರಲ್ಲೂ ಒಂದು ವಿನಂತಿ. ತಿಂಗಳಾನುಗಟ್ಟಲೆ ಅದೇ ಗ್ಯಾಸ್ ಗುಳಿಗೆಗೆ ಬರುವ ಗಿರಾಕಿಯನ್ನು ‘ಅನ್ನ, ನೀರು ಸಲೀಸಾಗಿ ಇಳಿಯುತ್ತಾ?’ ಅಂತ ಒಂದು ಮಾತು ಕೇಳಿ. ತಡವಾದಷ್ಟೂ ಅನ್ನನಾಳ ಹಿಗ್ಗಿ ಚೀಲದಂತಾಗುತ್ತದೆ, ಆಮೇಲೆ ಯಾವ ಚಿಕಿತ್ಸೆಗೂ ಫಲ ಕಡಿಮೆ.