ಸಾವಿನ ಮಾತು ಅಪಶಕುನವಲ್ಲ

ವಾರ್ಷಿಕ ಸಂಚಿಕೆಯಲ್ಲಿ ಹಳೆಯ ಅಧ್ಯಾಪಕರ ಒಂದೆರಡು ಲೇಖನಗಳೂ ಇರಲಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳಿಬ್ಬರು ನನ್ನ ಮನೆಗೆ ಬಂದಿದ್ದರು. ಯಾವ ವಿಷಯ ಬರೆಯಲಿ ಎಂದು ಕೇಳಿದೆ. "ಯಾವುದಾದರೂ ಬರೀರಿ ಸರ್, ಹುಡುಗರಿಗೆ ಸ್ಫೂರ್ತಿ ಬರೂವಂಥಾದ್ದು" ಎಂದರು. ಎಪ್ಪತ್ತೆಂಟು ದಾಟಿದವನಲ್ಲಿ ಸ್ಫೂರ್ತಿಯ ದಾಸ್ತಾನು ಹೆಚ್ಚಿರುವುದಿಲ್ಲ. ಸಾವನ್ನು ಕುರಿತು ಬರೆಯುತ್ತೇನೆ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ, "ಅಂಥಾ ಮಾತ್ಯಾಕ ಸರ್, ನೀವಿನ್ನೂ ಗಟ್ಟಿ ಇದ್ದೀರಿ" ಎಂದ. ಆ ಮಾತಿನಲ್ಲಿ ಪ್ರೀತಿಯಿತ್ತು, ಸಂದೇಹವಿಲ್ಲ. ಆದರೆ ಅದೇ ಮಾತನ್ನು ಎರಡು ವರ್ಷಗಳ ಹಿಂದೆ ನಾನು ಮತ್ತೊಬ್ಬರಿಗೆ ಆಡಿದ್ದೆ. ಅದರ ಸಾಲ ಇಂದಿಗೂ ತೀರಿಲ್ಲ. ಆದುದರಿಂದ ಹುಡುಗರ ಕ್ಷಮೆ ಕೋರಿ ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ.

ನಾನು ಬೆಟಗೇರಿಯವನು, ಮಗ್ಗದ ಸಪ್ಪಳ ಕೇಳುತ್ತ ಬೆಳೆದವನು. ನಮ್ಮ ಮನೆತನ ಬಾಸೆಲ್ ಮಿಶನ್ನಿನ ಸಭೆಗೆ ಸೇರಿದುದು. ಆ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಒಂದೊಂದಾಗಿ ಠಾಣ್ಯಗಳನ್ನು ಮಾಡಿದರು. ಅವರ ದವಾಖಾನೆಯನ್ನು ನಮ್ಮೂರಿನವರು ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತ ಬಂದಿದ್ದಾರೆ. ಬಂದವರಲ್ಲಿ ಅನೇಕರು ಇಪ್ಪತ್ತು ಮೂವತ್ತರ ಹರೆಯದವರು. ತಾಯ್ನಾಡನ್ನು ಮತ್ತೆ ಕಾಣುವೆವೆಂಬ ಭರವಸೆ ಇಲ್ಲದೆಯೇ ಹಡಗು ಹತ್ತಿದವರು. ಕನ್ನಡ ಬೈಬಲ್ಲಿನ ಪರಿಷ್ಕರಣಕ್ಕಾಗಿ ದುಡಿದ ವೈಗಲ್ ಅವರು 1855ರಲ್ಲಿ, ನಲವತ್ತು ತುಂಬುವ ಮೊದಲೇ, ಮಂಗಳೂರಿನಲ್ಲಿ ತೀರಿಕೊಂಡರು. ಅಂಥವರ ಕಥೆಗಳನ್ನು ಅಜ್ಜಿಯ ಬಾಯಿಂದ ಕೇಳುತ್ತ ಬೆಳೆದ ನಮಗೆ ಸಾವು ಹೊಸತಾಗಿರಲಿಲ್ಲ. ಅಜ್ಜಿ ತನ್ನ ಪೆಟ್ಟಿಗೆಯ ತಳದಲ್ಲಿ ಒಂದು ಬಿಳಿ ಸೀರೆಯನ್ನು ಮಡಿಸಿ ಇಟ್ಟಿದ್ದಳು. "ಇದು ನನ್ನ ಕಡೀ ಸೀರಿ, ಮುಟ್ಟಬ್ಯಾಡ್ರಿ" ಎಂದು ನಮ್ಮನ್ನು ಗದರಿಸುತ್ತಿದ್ದಳು. ಆ ಮಾತಿಗೆ ಮನೆಯಲ್ಲಿ ಯಾರೂ ಬೆಚ್ಚುತ್ತಿರಲಿಲ್ಲ.

ಈ ಧೈರ್ಯ ಕ್ರೈಸ್ತರ ಸೊತ್ತೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ನಮ್ಮ ಸೀಮೆಯೇ ಅಂಥದು. ಬೆಟಗೇರಿಯಲ್ಲಿ ಸಾವಿರ ವರ್ಷಗಳಷ್ಟು ಹಳೆಯ ವೀರಗಲ್ಲುಗಳಿವೆ. ವೀರಗಲ್ಲೆಂದರೆ ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸತ್ತವನ ಕಥೆಯನ್ನು ದಾರಿಹೋಕನೂ ಓದಲೆಂದು ಬಯಲಿನಲ್ಲಿ ನಿಲ್ಲಿಸಿದ ಕಲ್ಲು. ಲಕ್ಷ್ಮೇಶ್ವರದಲ್ಲಿ ಬಸದಿಗಳಿವೆ. ಸಲ್ಲೇಖನದಿಂದ ಸಾವನ್ನು ತಾವೇ ಎದುರುಗೊಳ್ಳುವುದು ಜೈನರ ಧರ್ಮದಲ್ಲಿ ವ್ರತವೆನಿಸಿದೆ. ಶಿರಹಟ್ಟಿಯ ಫಕೀರೇಶ್ವರನ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಗದ್ದುಗೆಯೆಂದರೆ ಸಮಾಧಿಯೇ ಅಲ್ಲವೇ? ಲಿಂಗಾಯತರು ಲಿಂಗೈಕ್ಯರಾದರು ಎನ್ನುತ್ತಾರೆ, ಮುಸಲ್ಮಾನರು ಪೈಗಂಬರವಾಸಿಯಾದರು ಎನ್ನುತ್ತಾರೆ, ನಾವು ಪ್ರಭುವಿನಲ್ಲಿ ನಿದ್ರೆಹೋದರು ಎನ್ನುತ್ತೇವೆ. ಆದರೆ ಈ ಮೂವರಿಗೂ, ಹಿಡಿ ಮಣ್ಣು ಹಾಕಿ ಬರುವುದಕ್ಕೆ ನಮ್ಮ ಕಡೆಯ ಮಾತು ಒಂದೇ: "ಮಣ್ಣಿಗೆ ಹೋಗಿ ಬಂದೆ."

ಮುಂಡರಗಿಯಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ ಒಬ್ಬ ವಿದ್ಯಾರ್ಥಿಯ ಊರಿಗೆ ಹೋಗಿದ್ದೆ. ಕಪ್ಪತಗುಡ್ಡದ ಬುಡದಲ್ಲಿ ಅವರ ಹೊಲ. ಅವನ ಅಜ್ಜ ನನಗೆ ಬಾವಿಯನ್ನು ತೋರಿಸಿದ, ಬಿಳಿಜೋಳದ ಬೆಳೆಯನ್ನು ತೋರಿಸಿದ. ಅನಂತರ ಬೇವಿನ ಗಿಡದ ಬುಡಕ್ಕೆ ಕರೆದೊಯ್ದು, "ಇದು ನಮ್ಮಪ್ಪನ ಜಾಗಾ, ಇದರ ಮಗ್ಗಲದಾಗ ನಂದು" ಎಂದ. ಬಾವಿಯನ್ನು ತೋರಿಸಿದ ದನಿಗೂ ಗೋರಿಯ ಜಾಗವನ್ನು ತೋರಿಸಿದ ದನಿಗೂ ಭೇದವಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕರು ಹಜ್ ಯಾತ್ರೆಯಿಂದ ಬರುವಾಗ ತಮ್ಮ ಕಫನ್ನಿನ ಬಟ್ಟೆಯನ್ನು ಅಲ್ಲಿಂದಲೇ ತಂದಿದ್ದರು. ಅದನ್ನು ಮೊಮ್ಮಕ್ಕಳಿಗೆ ತೋರಿಸಿ, ಎಲ್ಲಿ ಇಟ್ಟಿದ್ದೇನೆಂಬುದು ನೆನಪಿರಲಿ ಎನ್ನುತ್ತಿದ್ದರು.

ಇಷ್ಟೆಲ್ಲ ಕಂಡಿದ್ದೆ, ಕಲಿತಿರಲಿಲ್ಲ.

ನಮ್ಮ ಸಭೆಯಲ್ಲಿ ನಾನು ಬಹಳ ವರ್ಷ ಹಿರಿಯನಾಗಿ ಸೇವೆ ಮಾಡಿದ್ದೇನೆ. ಸಭಾಪಾಲಕರು ಊರಲ್ಲಿಲ್ಲದಾಗ ಸಮಾಧಿಯ ಬಳಿ ನಾಲ್ಕು ಮಾತು ಹೇಳುವ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬರುತ್ತಿತ್ತು. ಪುನರುತ್ಥಾನದ ನಿರೀಕ್ಷೆಯನ್ನು ಕುರಿತು ನಾನು ತಡವರಿಸದೆ ಮಾತಾಡುತ್ತಿದ್ದೆ. ಕನ್ನಡದ ಮೇಷ್ಟ್ರಾದುದರಿಂದ ಮಾತಿಗೆ ಬಡತನವಿರಲಿಲ್ಲ. ಕೇಳಿದವರು ಸಮಾಧಾನವಾಯಿತೆನ್ನುತ್ತಿದ್ದರು, ನನಗೂ ಒಳಗೊಳಗೆ ಹೆಮ್ಮೆಯಾಗುತ್ತಿತ್ತು.

ಆಮೇಲೆ ಸಾವು ನನ್ನ ಮನೆಗೇ ಬಂದಿತು. ನನ್ನ ಹೆಂಡತಿ ಶಿರಹಟ್ಟಿಯವಳು. ನಲವತ್ತೊಂಬತ್ತು ವರ್ಷ ನನ್ನೊಡನೆ ಬಾಳಿದಳು. ರೋಗ ಬಲಿತಿದೆಯೆಂದು ವೈದ್ಯರು ನನಗೂ ಮಗನಿಗೂ ಹೊರಗೆ ಕರೆದು ಹೇಳಿದರು. ನಾವು ಒಳಗೆ ಹೋಗಿ, "ಏನೂ ಇಲ್ಲಂತ, ಗುಳಿಗಿ ಕೊಟ್ಟಾರ" ಎಂದೆವು. ಅವಳು ನಂಬಿದಂತೆ ತಲೆಯಾಡಿಸಿದಳು. ನಂಬಿರಲಿಲ್ಲವೆಂಬುದು ಈಗ ಗೊತ್ತಾಗಿದೆ. ಒಂದು ಸಂಜೆ ಪಡಸಾಲೆಯಲ್ಲಿ ಕುಳಿತಿದ್ದಾಗ, "ರೀ, ನಾ ಹೋದ ಮ್ಯಾಲೆ..." ಎಂದು ಮೊದಲುಮಾಡಿದಳು. ನಾನು ತಡೆದೆ: "ಅಂಥಾ ಮಾತ್ಯಾಕ ಆಡ್ತೀ? ದೇವರ ಮ್ಯಾಲೆ ನಂಬಿಗಿ ಇಡು. ನೀ ಇನ್ನೂ ಗಟ್ಟಿ ಇದ್ದೀ." ಇನ್ನೆರಡು ಸಲ ಅವಳು ಅದೇ ಮಾತನ್ನು ಎತ್ತಿದಳು, ಒಮ್ಮೆ ಕೀರ್ತನೆ ಹಾಡಲು ತೊಡಗಿದೆ, ಒಮ್ಮೆ ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದೆ. ನಾಲ್ಕನೆಯ ಸಲ ಅವಳು ಆ ಮಾತೆತ್ತಲಿಲ್ಲ.

ಅವಳು ತೀರಿಕೊಂಡ ದಿನ ಮದುವೆಯ ಸೀರೆಯನ್ನೇ ಉಡಿಸಬೇಕೆಂದು ನಾನು ಹೇಳಿದೆ. ಅದು ಬೆಟಗೇರಿಯ ಮಗ್ಗದಲ್ಲಿ ನೆಯ್ದ ಸೀರೆ. ಅವಳ ತಂದೆ ತಿಂಗಳ ಪಗಾರದಲ್ಲಿ ಉಳಿಸಿ ಕೊಂಡದ್ದು. ಅವಳಿಗೆ ಅದಕ್ಕಿಂತ ಪ್ರೀತಿಯ ವಸ್ತು ಇರಲಿಲ್ಲ. ಅದನ್ನೇ ಉಡಿಸಿ ಮಣ್ಣು ಮಾಡಿದೆವು.

ಮೂರನೆಯ ದಿನ ನಮ್ಮ ನೆರೆಮನೆಯ ಅಕ್ಕನವರು ಮುಂಡರಗಿಯ ಮಗಳ ಮನೆಯಿಂದ ಬಂದರು. ಅವರು ಲಿಂಗಾಯತರು; ಮೂವತ್ತು ವರ್ಷಗಳ ನೆರೆ. ಒಂದು ಬುಟ್ಟಿಯಲ್ಲಿ ರೊಟ್ಟಿ, ಝುಣಕ ತಂದಿದ್ದರು. ಅತ್ತು ಸಮಾಧಾನವಾದ ಮೇಲೆ, "ಸೀರಿ ಮೊಮ್ಮಗಳಿಗೆ ಕೊಟ್ರೇನ್ರಿ ಅಣ್ಣಾರ?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಅವರೂ ಗಾಬರಿಗೊಂಡರು. "ನಿಮಗ ಹೇಳ್ಯಾರ ಅಂತ ತಿಳ್ಕೊಂಡಿದ್ನಿರಿ" ಎಂದರು.

ನನಗೆ ಹೇಳಬೇಕೆಂದಿದ್ದುದನ್ನೆಲ್ಲ ಅವಳು ಅಕ್ಕನವರಿಗೆ ಹೇಳಿದ್ದಳು. ಮದುವೆಯ ಸೀರೆ ಮೊಮ್ಮಗಳಿಗೆ. ಕಾಯಿಪಲ್ಲೆ ಮಾರುವವಳಿಗೆ ಮುನ್ನೂರು ರೂಪಾಯಿ ಬಾಕಿ, ಅದನ್ನು ಮುಟ್ಟಿಸಬೇಕು. ತಂಗಿಯೊಡನೆ ಹತ್ತು ವರ್ಷದ ಮುನಿಸು. ಸಾಧ್ಯವಾದರೆ ಅವಳನ್ನು ಒಮ್ಮೆ ಕರೆಸಬೇಕಾಗಿತ್ತು. ಮತ್ತು, "ಅವರಿಗೆ ರಾತ್ರಿ ದೀಪಾ ಆರಿಸಿದ್ರ ನಿದ್ದಿ ಬರೂದಿಲ್ಲ, ಅಂಜಿಕಿ ಅಂತ ಹೇಳ್ಕೊಳ್ಳೂದಿಲ್ಲ, ಮಗನಿಗೆ ತಿಳಿಸ್ರಿ."

ಬಾಕಿಯನ್ನು ಅಂದೇ ಮುಟ್ಟಿಸಿದೆ. ಸೀರೆ ಮಣ್ಣಿನಲ್ಲಿತ್ತು. ತಂಗಿ ಮಣ್ಣಿಗೆ ಬಂದು ಹೋಗಿದ್ದಳು. ಆದರೆ ಅಕ್ಕನ ಮುಖ ನೋಡಿ ಮಾತಾಡುವ ಕಾಲ ಮೀರಿಹೋಗಿತ್ತು.

ಅಂದಿನಿಂದ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಅವಳ ಬಾಯಿ ಮುಚ್ಚಿಸಿದ್ದು ನನ್ನ ನಂಬಿಕೆಯೋ, ನನ್ನ ಅಂಜಿಕೆಯೋ? ಗೆತ್ಸೇಮನೆ ತೋಟದ ಪ್ರಸಂಗವನ್ನು ಎಷ್ಟು ಶುಭ ಶುಕ್ರವಾರಗಳಲ್ಲಿ ಓದಿದ್ದೆ! ಯೇಸುಸ್ವಾಮಿ ತನಗೆ ಪ್ರಾಣ ಹೋಗುವಷ್ಟು ದುಃಖವಾಗಿದೆಯೆಂದು ಶಿಷ್ಯರೆದುರು ಬಾಯಿಬಿಟ್ಟು ಹೇಳಿದ. ಅವರಿಂದ ಅವನು ಉಪದೇಶವನ್ನು ಬೇಡಲಿಲ್ಲ. ತನ್ನೊಡನೆ ಸ್ವಲ್ಪ ಹೊತ್ತು ಎಚ್ಚರವಾಗಿರಿ ಎಂದಷ್ಟೇ ಕೇಳಿಕೊಂಡ. ಅವರು ನಿದ್ರೆಹೋದರು. ನಾನು ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಅದೂ ಒಂದು ಬಗೆಯ ನಿದ್ರೆಯೇ. ಲಾಜರನನ್ನು ಎಬ್ಬಿಸಲಿದ್ದವನು ಎಬ್ಬಿಸುವ ಮೊದಲು ಅವನ ಸಮಾಧಿಯೆಡೆಗೆ ಹೋಗುತ್ತ ಅತ್ತನೆಂದು ಯೋಹಾನನ ಸುವಾರ್ತೆಯಲ್ಲಿದೆ. ನಿರೀಕ್ಷೆಯುಳ್ಳವನು ಅಳಬಾರದು, ಸಾವಿನ ಹೆಸರೆತ್ತಬಾರದು ಎಂಬ ನಿಯಮವನ್ನು ನಾವು ಎಲ್ಲಿಂದ ತಂದೆವು?

ಸಾವಿನ ಮಾತೆತ್ತಿದರೆ ರೋಗಿಯ ಧೈರ್ಯ ಕುಗ್ಗುತ್ತದೆ ಎಂದು ಕೆಲವರು ವಾದಿಸುವರು. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕೇಳದವನ ಕಿವಿಗೆ ಹೋಗಿ ಸಾವನ್ನು ಊದುವುದು ಕ್ರೌರ್ಯವೇ ಸರಿ. ಆದರೆ ಸಾಯುವವರು ತಾವಾಗಿ ಮಾತೆತ್ತಿದಾಗ ಕುಗ್ಗುವುದು ಯಾರ ಧೈರ್ಯ? ನನ್ನ ಅನುಭವದಲ್ಲಿ ಅದು ಕೇಳುವವರದು. ನಮ್ಮ ಕಣ್ಣೀರನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಅವರನ್ನು ಒಂಟಿಯಾಗಿ ಬಿಡುತ್ತೇವೆ, ಮೇಲೆ ಅದಕ್ಕೆ ದೇವರ ಹೆಸರನ್ನೂ ಇಡುತ್ತೇವೆ.

ಕಾಲವೂ ಬದಲಾಗಿದೆ. ಹಿಂದೆ ಮನೆಯ ನಡುಮನೆಯಲ್ಲಿ, ಮಕ್ಕಳುಮರಿಗಳ ನಡುವೆ ಪ್ರಾಣ ಹೋಗುತ್ತಿತ್ತು. ಈಗ ಎಷ್ಟೋ ಜನ ಐ.ಸಿ.ಯು. ಬಾಗಿಲಿನಾಚೆ, ಮೂಗಿಗೆ ಬಾಯಿಗೆ ನಳಿಗೆಗಳನ್ನು ಹಾಕಿಸಿಕೊಂಡು ಹೋಗುತ್ತಾರೆ; ಮಾತಾಡಬೇಕೆಂದರೂ ಆಗುವುದಿಲ್ಲ. ಗುಣವಾಗುವ ಆಸೆಯಿಲ್ಲದಾಗ ಯಂತ್ರಗಳಿಂದ ಪ್ರಾಣ ಹಿಡಿದಿಡುವುದು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿಯಲ್ಲಿ ಒಪ್ಪಿಕೊಂಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಂಥ ಪತ್ರ ಬರೆಯುವುದು ತಕ್ಕದ್ದೋ ಅಲ್ಲವೋ ಎಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು; ನಮ್ಮ ಸಭೆಯಲ್ಲೇ ಭಿನ್ನಾಭಿಪ್ರಾಯಗಳಿವೆ. ಆದರೆ ಕಾನೂನು ಕೂಡ ಮೊದಲೇ ಮಾತಾಡಿಕೊಳ್ಳಿರೆಂದು ಹೇಳುತ್ತಿರುವಾಗ, ಮನೆಯವರಾದ ನಾವು ಬಾಯಿಗೆ ಬೀಗ ಹಾಕಿಕೊಂಡು ಕೂಡುವುದು ತರವೇ?

ಇಲ್ಲಿ ಒಬ್ಬ ಹಿರಿಯರನ್ನು ನೆನೆಯಬೇಕು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ 1962ರಲ್ಲಿ ಗತಿಸಿದ ಉತ್ತಂಗಿ ಚನ್ನಪ್ಪನವರು ಇದೇ ಬಾಸೆಲ್ ಮಿಶನ್ನಿನಲ್ಲಿ ಪಾದ್ರಿಗಳಾಗಿದ್ದವರು. ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ, ಶರಣ ಆದಯ್ಯನ ವಚನಗಳನ್ನೂ ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೋಧಿಸುವುದೇ ಕಸುಬಾಗಿದ್ದ ಪಾದ್ರಿಯೊಬ್ಬರು ಬಾಳಿನ ಹೆಚ್ಚಿನ ಕಾಲವನ್ನು ಬೇರೆಯವರ ಮಾತನ್ನು ಕೇಳುವುದರಲ್ಲಿ ಕಳೆದರು. ಅವರು ಕೇಳದಿದ್ದರೆ ಆ ಮಾತುಗಳಲ್ಲಿ ಎಷ್ಟೋ, ಬಲ್ಲವರೊಡನೆಯೇ ಮಣ್ಣು ಸೇರುತ್ತಿದ್ದವು. ಅವರ ಹೆಸರನ್ನು ನಾನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಅವರಿಂದ ಕಲಿಯಬೇಕಾದ ಪಾಠವನ್ನು ಮಾತ್ರ ನನ್ನ ಪಡಸಾಲೆಯಲ್ಲಿ ಮರೆತೆ.

ನಂಬಿಕೆ ಹೋಯಿತೇ ಎಂದು ಕೆಲವರು ಕೇಳುತ್ತಾರೆ. ಹೋಗಿಲ್ಲ. ಮೊದಲ ಕೆಲವು ತಿಂಗಳು ಪ್ರಾರ್ಥನೆಗೆ ಕುಳಿತರೆ ಮಾತು ಹೊರಡುತ್ತಿರಲಿಲ್ಲ, ನಿಜ. ಈಗ ಹೊರಡುತ್ತದೆ; ಮೊದಲಿನಷ್ಟು ನಿರರ್ಗಳವಾಗಿ ಅಲ್ಲ. ಸತ್ತವರು ಏಳುವರೆಂದು ಇಂದಿಗೂ ನಂಬುತ್ತೇನೆ. ಅಂದು ಅವಳನ್ನು ಕಂಡಾಗ ಮೊದಲು ಸೀರೆಯ ವಿಷಯದಲ್ಲಿ ಕ್ಷಮೆ ಕೇಳಬೇಕಾಗಿದೆ.

ಕಳೆದ ಕ್ರಿಸ್‌ಮಸ್ಸಿಗೆ ಮಗ ಊರಿಗೆ ಬಂದಾಗ ಅವನನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, "ನಾ ಹೋದ ಮ್ಯಾಲೆ..." ಎಂದು ಮೊದಲುಮಾಡಿದೆ. ಅವನು ತಟ್ಟನೆ, "ಯಾಕಪ್ಪಾ ಈಗ ಆ ಮಾತು? ನೀವು ಗಟ್ಟಿ ಇದ್ದೀರಿ" ಎಂದು ಎದ್ದು ನಿಂತ. ನನ್ನ ದನಿಯೇ ಅವನ ಬಾಯಿಂದ ಬಂದಂತಾಯಿತು. "ಕುಂಡ್ರು, ಪೂರಾ ಕೇಳು" ಎಂದೆ. ಕುಳಿತ. ಒಂದು ತಾಸು ಮಾತಾಡಿದೆವು: ಬ್ಯಾಂಕಿನ ಪಾಸುಬುಕ್ಕು, ನನ್ನ ಪುಸ್ತಕಗಳು, ಮಣ್ಣಿಗೆ ಯಾರಿಗೆಲ್ಲ ಹೇಳಿಕಳಿಸಬೇಕು, ಆರಾಧನೆ ಉದ್ದವಾಗಬಾರದು. ನಡುವೆ ಇಬ್ಬರೂ ಅತ್ತೆವು. ಆ ರಾತ್ರಿ ಬಹಳ ದಿನಗಳ ಮೇಲೆ ನನಗೆ ನಿದ್ರೆ ಬಂದಿತು. ದೀಪ ಮಾತ್ರ ಉರಿಯುತ್ತಲೇ ಇತ್ತು.

ವಿದ್ಯಾರ್ಥಿ ಬಂಧುಗಳೇ, ನೀವು ಜಾಣರು. ಊರು ದಾಟಿ ದೂರ ಹೋಗುವವರು. ಸೂಟಿಗೆ ಮನೆಗೆ ಹೋದಾಗ ಅಜ್ಜನೋ ಅಜ್ಜಿಯೋ "ನಾ ಹೋದ ಮ್ಯಾಲೆ" ಎಂದು ಮಾತು ತೆಗೆದರೆ ಮೊಬೈಲನ್ನು ಬದಿಗಿಟ್ಟು ಕುಳಿತುಕೊಳ್ಳಿರಿ. ಸಮಾಧಾನ ಹೇಳಲು ಅವಸರಪಡಬೇಡಿರಿ. ಯಾರಿಗೆ ಏನು ಕೊಡಬೇಕು, ಯಾರೊಡನೆ ರಾಜಿಯಾಗಬೇಕು, ಯಾವುದಕ್ಕೆ ಅಂಜಿಕೆ, ಎಲ್ಲವನ್ನೂ ಹೇಳಲು ಬಿಡಿರಿ. ಕಣ್ಣೀರು ಬಂದರೆ ಬರಲಿ. ನಿಮ್ಮ ಹಳೆಯ ಮೇಷ್ಟ್ರ ಅರಿಕೆ ಇಷ್ಟೇ.