ಕೀ ಕೈಗೆ ಬಂದ ಮಾತ್ರಕ್ಕೆ ಬೈಕ್ ನಿಮ್ಮದಲ್ಲ

ಕ್ರೂಸರ್ ಬೈಕಿನ ಮೋಹ ಸೀಟಿನ ಮೇಲೆ ಕೂತ ಕ್ಷಣದಲ್ಲೇ ಹತ್ತುತ್ತದೆ. ಬಜಾಜ್ ಅವೆಂಜರ್ 220 ಕ್ರೂಸ್‌ನ ಸೀಟಿನ ಎತ್ತರ ಬರೀ 737 ಮಿಲಿಮೀಟರ್; ಕುಳ್ಳಗಿರುವವರಿಗೂ ಎರಡೂ ಪಾದ ಆರಾಮಾಗಿ ನೆಲಕ್ಕೆ ಸಿಗುತ್ತವೆ. ಕಾಲು ಮುಂದಕ್ಕೆ ಚಾಚಿ ಅಗಲವಾದ ಹ್ಯಾಂಡಲ್ ಹಿಡಿದರೆ ಸಾಕು, ಸಕಲೇಶಪುರದ ಘಾಟಿ ಕಣ್ಣೆದುರು ಬಂದು ನಿಲ್ಲುತ್ತದೆ. ಹೊಸದಕ್ಕೆ ಹಣ ಸಾಲದವರು ಸೆಕೆಂಡ್ ಹ್ಯಾಂಡ್ ಕಡೆ ತಿರುಗುವುದು ಸಹಜ, ಸರಿಯೂ ಹೌದು. ತಪ್ಪಾಗುವುದು ಆಮೇಲೆ. ಟ್ಯಾಂಕಿನ ಹೊಳಪು ನೋಡಲು ಅರ್ಧ ಗಂಟೆ ಕೊಡುವವರು ಆರ್‌ಸಿ ನೋಡಲು ಅರ್ಧ ನಿಮಿಷ ಕೊಡುವುದಿಲ್ಲ.

ಆಯ್ಕೆಗೇನೂ ಕೊರತೆಯಿಲ್ಲ. ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಬಂದದ್ದು 2002ರಲ್ಲಿ, ಅವೆಂಜರ್ 2005ರಲ್ಲಿ, ಥಂಡರ್‌ಬರ್ಡ್‌ನ ಜಾಗಕ್ಕೆ ಮೀಟಿಯರ್ 350 ಬಂದದ್ದು 2020ರ ನವೆಂಬರಿನಲ್ಲಿ. ಇವುಗಳಲ್ಲಿ ಯಾವುದನ್ನೇ ಕೊಳ್ಳಿ, 2019ರ ಏಪ್ರಿಲ್ 1ರ ನಂತರ ಮಾರಾಟವಾದದ್ದನ್ನೇ ಹುಡುಕುವುದು ಒಳ್ಳೆಯದು. ಅಂದಿನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಮೀಟಿಯರ್‌ನ ತೂಕ 191 ಕಿಲೋ. ಅಷ್ಟು ಭಾರದ ಗಾಡಿಯನ್ನು ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಗಕ್ಕನೆ ನಿಲ್ಲಿಸಬೇಕಾಗಿ ಬಂದಾಗ ಚಕ್ರ ಜಾಮ್ ಆಗದಂತೆ ಕಾಯುವುದು ಈ ಎಬಿಎಸ್. ಹತ್ತು ಸಾವಿರ ಉಳಿಯುತ್ತದೆಂದು ಇದನ್ನು ಬಿಟ್ಟುಕೊಡಬಾರದು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು, ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿರಬೇಕು. ಹೋದ ಕೂಡಲೇ ಎಂಜಿನ್ ಹತ್ತಿರ ಕೈಯೊಡ್ಡಿ ನೋಡಿ. ಬಿಸಿಯಿದ್ದರೆ ಆಗಲೇ ಓಡಿಸಿ ತಂದಿದ್ದಾರೆ ಎಂದರ್ಥ; ತಣ್ಣಗಿದ್ದಾಗ ಹತ್ತಲು ಸತಾಯಿಸುವ ಗಾಡಿಗಳ ಗುಟ್ಟು ಹೀಗೆಯೇ ಮುಚ್ಚಿಹೋಗುವುದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಬೆರಳು ಸವರಿದಾಗ ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದನ್ನು ತಡೆಯುವ ಪುಟ್ಟ ಉಕ್ಕಿನ ತುಂಡನ್ನು ನೋಡಿ: ಅದು ಜಜ್ಜಿಹೋಗಿದ್ದರೆ ಆ ಬೈಕ್ ಎಲ್ಲೋ ಜೋರಾಗಿ ಬಿದ್ದಿರಬಹುದು, ಬಣ್ಣ ಎಷ್ಟೇ ಹೊಸದಾಗಿರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೀಟರ್ ಎಂಟು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದರೂ ಟೈರು ಆಗಲೇ ಬದಲಾಗಿದ್ದರೆ, ಮೀಟರನ್ನು ನಂಬುವ ಮುನ್ನ ಸರ್ವಿಸ್ ಬಿಲ್ಲು ಕೇಳಲೇಬೇಕು.

ಗುಡುಗುವ ಸೈಲೆನ್ಸರ್, ಗಗನಕ್ಕೇರಿದ ಹ್ಯಾಂಡಲ್ ಹಾಕಿಸಿದ ಗಾಡಿಗೆ ಮಾರುವವರು ಹೆಚ್ಚು ಬೆಲೆ ಹೇಳುತ್ತಾರೆ. ನ್ಯಾಯವಾಗಿ ಅದರ ಬೆಲೆ ಇಳಿಯಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ಕಡಿಮೆ ಬೆಲೆಗೆ ಸಿಗುವ ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ 750 ಹಲವರ ನಿದ್ದೆ ಕೆಡಿಸುತ್ತದೆ. ಹರಿಯಾಣದ ಬಾವಲ್‌ನಲ್ಲಿ ಜೋಡಣೆಯಾಗುತ್ತಿದ್ದ ಗಾಡಿ ಅದು. ಆ ಘಟಕ ಮುಚ್ಚುವುದಾಗಿ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಹೇಳಿತು. ಮಾರಾಟ, ಸರ್ವಿಸ್ ಹೀರೋ ಕಂಪನಿಗೆ ಹೋಯಿತು. ಬಿಡಿಭಾಗದ ಬೆಲೆ ವಿಚಾರಿಸದೆ ಇದಕ್ಕೆ ಕೈ ಹಾಕಬಾರದು. ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ 1996ರಲ್ಲಿ ಮುಚ್ಚಿತು. ಆದರೂ ಯೆಜ್ಡಿಗಳು ಇನ್ನೂ ಓಡುತ್ತಿವೆ ಎಂದರೆ ಅವುಗಳ ನಾಡಿ ಬಲ್ಲ ಮೆಕ್ಯಾನಿಕ್‌ಗಳು ಇರುವುದರಿಂದಲೇ. ಕೊಳ್ಳುವ ಬೈಕಿನ ಕೆಲಸ ಬಲ್ಲವರು ನಿಮ್ಮೂರಲ್ಲಿ ಇದ್ದಾರೆಯೇ ಎಂಬುದು ಮೈಲೇಜಿಗಿಂತ ಮುಖ್ಯ.

ಇನ್ನು ಕಾಗದದ ಮಾತು. ಸಹಿ ಹಾಕಿದ 29, 30ನೇ ನಮೂನೆ ಕೈಗಿಟ್ಟು "ಟ್ರಾನ್ಸ್‌ಫರ್ ನಿಧಾನಕ್ಕೆ ಮಾಡಿಸಿಕೊಳ್ಳಿ" ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ಇಬ್ಬರಿಗೂ ಅಪಾಯ. 2007ರಲ್ಲಿ ಮಾರಿದ್ದ ವಾಹನವೊಂದು ಕೈಯಿಂದ ಕೈಗೆ ಹೋಗಿ, 2009ರಲ್ಲಿ ಅಪಘಾತವಾದಾಗಲೂ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ವಿಮೆಯಲ್ಲಿ ಹೆಸರು ಬದಲಿಸಲು ಇರುವುದೂ 14 ದಿನ. ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು 35ನೇ ನಮೂನೆ ಇಲ್ಲದೆ ಆರ್‌ಸಿಯಿಂದ ಸಾಲದ ನಮೂದು ಹೋಗುವುದಿಲ್ಲ. ಹ್ಯಾಂಡಲ್ ಬುಡದ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಬಾಕಿ ದಂಡ ಎಷ್ಟಿದೆ ಎಂಬುದನ್ನೂ ಗಾಡಿ ನಂಬರ್ ಹಾಕಿ ನೋಡಿಕೊಳ್ಳಿ.

ಅಡ್ವಾನ್ಸ್ ಕೊಡುವ ಮುನ್ನವೇ ಒಂದು ಮಾತು ಆಡಿಕೊಳ್ಳಿ: ಹಣದ ಒಂದು ಪಾಲು ಸಂದಾಯವಾಗುವುದು ಆರ್‌ಸಿಯಲ್ಲಿ ಹೆಸರು ಬದಲಾದ ದಿನ. ಇದಕ್ಕೆ ಒಪ್ಪದವರ ಗಾಡಿ ಎಷ್ಟೇ ಚೆನ್ನಾಗಿರಲಿ, ಕೊಳ್ಳಬೇಡಿ.